ಎಳೆಯ ತುದಿ

ಬೆರಳು ಅದ್ದಿ ಹೇಳಿದೆ, "ಮೂವತ್ಮೂರು."
ಗೋಡೆಯ ಕೆಂಪು ಅಂಕಿ ನೋಡಿ
ಫರ್ಹಾನಾ ನಕ್ಕಳು. ಮೂವತ್ಮೂರೇ.
ಶಿಡ್ಲಘಟ್ಟದಲ್ಲಿ ಇಪ್ಪತ್ತಾರು ವರ್ಷ
ಗೂಡು ಬೆಂದ ನೀರಿನಲ್ಲಿ ಕೈಯಿಟ್ಟವಳಿಗೆ
ಮೀಟರು ಯಾಕೆ?
ತುದಿಬೆರಳ ಗೆರೆಗಳೆಲ್ಲ ಸವೆದು
ರೇಷನ್ ಅಂಗಡಿಯ ಯಂತ್ರ ನನ್ನನ್ನು ಒಪ್ಪುವುದಿಲ್ಲ,
ನೀರು ಒಪ್ಪುತ್ತದೆ.

ಆದರೆ ಕೈ ಬೇರೆ, ಮೈ ಬೇರೆ.
ಬಾವಿಗೆ ಇಣುಕಿದ್ದೇನೆ, ಇಳಿದಿಲ್ಲ.
ನಮ್ಮ ಬೀದಿಗೆ ನೀರು ಟ್ಯಾಂಕರಿನಲ್ಲಿ ಬರುತ್ತದೆ,
ಕೊಡದ ಲೆಕ್ಕದಲ್ಲಿ.
ಎದೆಮಟ್ಟದ ಈ ಕೊಳ ಎಷ್ಟು ಕೊಡವಾದೀತು?
ಮೆಟ್ಟಿಲ ಮೇಲೆ ನಿಂತು ಎಣಿಸತೊಡಗಿದೆ.
ನಾನ್ನೂರು ದಾಟಿದ ಮೇಲೆ
"ಬನ್ನಿ ಅಕ್ಕಯ್ಯಮ್ಮ" ಅಂದಳು, ಲೆಕ್ಕ ತಪ್ಪಿತು.

ಚಿಕ್ಕಬಳ್ಳಾಪುರದ ಹಳೇ ದ್ರಾಕ್ಷಿ ಗೋದಾಮು ಇದು.
ಹನ್ನೊಂದರಿಂದ ಹನ್ನೆರಡು ಹೆಂಗಸರ ಹೊತ್ತು.
ಮಗಳ ಚೂಡಿದಾರ, ಸೊಂಟಕ್ಕೆ ಎರಡು ಪಿನ್ನು.
ಮೊದಲ ದಿನ ಟಾಪು ಉಬ್ಬಿ ತೇಲಿ
ದೋಸೆಯ ಹಾಗೆ ಮುಖದ ಮುಂದೆ ಹರಡಿತು.
ಎರಡೂ ಕೈಯಲ್ಲಿ ಒತ್ತಿಹಿಡಿದು ನಿಂತವಳನ್ನು ನೋಡಿ
ಮಂಚೇನಹಳ್ಳಿಯ ಸುಕನ್ಯಾ ನಗಲಾರದೆ ನಕ್ಕಳು.
ಹೆರಿಗೆಯಲ್ಲಿ ಅವಳ ಮುಂಗಟಿಯ ಕೀಲು ಸಡಿಲಿದೆ,
ಹೊಸಿಲು ದಾಟಲೂ ಗೋಡೆ ಬೇಕು.
ನೀರಿನಲ್ಲಿ ಮಾತ್ರ ಬಾತುಕೋಳಿಯ ನಡಿಗೆ.

"ಸೊಂಟ ಅಂದರೆ ಬುಟ್ಟಿ" ಅನ್ನುತ್ತಾಳೆ ಫರ್ಹಾನಾ,
"ತಳದ ಹೆಣಿಗೆ ಸಡಿಲವಾಗಿದೆ.
ನಿಮ್ಮ ಭಾರ ನೀರು ಹೊತ್ತಿರುತ್ತೆ,
ಅಷ್ಟರಲ್ಲಿ ಹೆಣೆದುಕೊಳ್ಳಿ."
ಮುಂದಕ್ಕೆ ಹತ್ತು ಹೆಜ್ಜೆ, ಹಿಂದಕ್ಕೆ ಹತ್ತು,
ಅಡ್ಡಕ್ಕೆ ಏಡಿಯ ಹಾಗೆ.
ಆಮೇಲೆ ಸುಮ್ಮನೆ ನಿಂತು
ಹೊಕ್ಕುಳ ಕೆಳಗೆ, ಒಳಗೆ, ಯಾರಿಗೂ ಕಾಣದ
ಒಂದು ಪಟ್ಟಿಯನ್ನು ಬೆನ್ನ ಕಡೆ ಎಳೆಯಬೇಕು.
ಜೋರಾಗಲ್ಲ. ರೂಪಾಯಲ್ಲಿ ನಾಲ್ಕಾಣೆ.

ಎಲ್ಲಿದೆ ಅದು?
ಎಳೆದೆ. ಹೆಗಲು ಎದ್ದಿತು, ಉಸಿರು ನಿಂತಿತು,
ಹಲ್ಲು ಕಚ್ಚಿಕೊಂಡಿತು, ಕಣ್ಣೂ ಮುಚ್ಚಿತು,
ಅದೊಂದು ಬಿಟ್ಟು ಎಲ್ಲ ಸಿಕ್ಕಿತು.
ಐದು ದಿನ ಹೀಗೇ.
ನನ್ನದೇ ಹೊಟ್ಟೆ. ಇಬ್ಬರನ್ನು ಹೊತ್ತದ್ದು,
ಹಸಿವು ಹೊತ್ತದ್ದು, ಚರಕದ ಮುಂದೆ
ದಿನಕ್ಕೆ ಒಂಬತ್ತು ತಾಸು ಮಡಿಚಿ ಕೂತದ್ದು.
ವಿಳಾಸ ಗೊತ್ತಿಲ್ಲ.

ಆರನೇ ದಿನ
ನೀರಿನೊಳಗೆ ನನ್ನ ಕೈ ತಾನಾಗಿ ಆಡಿತು,
ಬೆರಳು ಏನನ್ನೋ ಸವರಿದ ಹಾಗೆ.
ಗೂಡಿಗೆ ಕುಂಚ ಆಡಿಸುತ್ತೇವಲ್ಲ, ಹಾಗೆ.
ಮೊದಲು ಬರುವುದೆಲ್ಲ ಜುಂಜು, ಸುಳ್ಳು ದಾರ.
ಹೊಸ ಹುಡುಗಿಯರು ಅದನ್ನೇ ಜಗ್ಗುತ್ತಾರೆ, ತುಂಡಾಗುತ್ತದೆ.
ಕಾಯಬೇಕು. ಜುಂಜು ಕಳಚಿಕೊಂಡ ಮೇಲೆ
ಇದ್ದೂ ಇಲ್ಲದ ಹಾಗೆ
ಒಂದೇ ಒಂದು ಎಳೆ ಬೆರಳಿಗೆ ಹತ್ತುತ್ತದೆ.
ಆ ಎಳೆಗೆ ತುದಿ ಒಂದೇ, ಉದ್ದ ಕಿಲೋಮೀಟರು.

ಉಸಿರು ಬಿಟ್ಟೆ. ಜುಂಜು ಹೋಗಲಿ ಅಂತ ಬಿಟ್ಟೆ.
ಹೆಗಲು ಇಳಿಯಿತು. ದವಡೆ ಇಳಿಯಿತು.
ಆಗ ಒಳಗೆ, ಆಳದಲ್ಲಿ,
ತೆಳ್ಳಗೆ
ಏನೋ ಬಿಗಿಯಿತು.
"ಸಿಕ್ಕಿತಾ?" ಅಂದಳು.
ಮಾತಾಡಿದರೆ ಕಡಿದುಹೋದೀತೆಂದು
ರೆಪ್ಪೆಯಲ್ಲೇ ಹೂಂ ಅಂದೆ.

ಈಗ ಒಂಟಿ ಕಾಲಲ್ಲಿ ನಿಲ್ಲಿಸಿ
ಹಲಗೆಯಿಂದ ಸುತ್ತ ಅಲೆ ಎಬ್ಬಿಸುತ್ತಾಳೆ.
ಅಲೆ ತಳ್ಳುತ್ತದೆ, ನಾನು ಬೀಳುವುದಿಲ್ಲ.
ಒಮ್ಮೆ ಬಿದ್ದೆ. ಮೂಗಿಗೆ ಕ್ಲೋರಿನ್ ಏರಿತು.
ಸುಕನ್ಯಾ ಕೇಳಿದಳು:
"ಬಿಸಿನೀರಲ್ಲಿ ಹುಳ ಸಾಯುತ್ತಲ್ಲ ಅಕ್ಕ?"
ಸಾಯುತ್ತೆ, ಅಂದೆ.
ಇದು ಆ ನೀರಲ್ಲ.

ಮೇಲೆ ಬರುವಾಗ ಮೂರನೇ ಮೆಟ್ಟಿಲಲ್ಲಿ
ಭಾರ ಕಾದು ಕೂತಿರುತ್ತದೆ,
ಸಾಲ ಕೊಟ್ಟವನ ಹಾಗೆ ಹೆಗಲಿಗೆ ಕೈ ಹಾಕುತ್ತದೆ.
ಒದ್ದೆ ಬಟ್ಟೆಯ ಚೀಲ, ಶಿಡ್ಲಘಟ್ಟದ ಬಸ್ಸು,
ಸೀಟಿಲ್ಲ. ಕಿಟಕಿಯಾಚೆ ನಂದಿಬೆಟ್ಟ ಹಿಂದೆ ಸರಿಯುತ್ತದೆ.
ಪ್ರತಿ ಹಳ್ಳಕ್ಕೂ ನಾಲ್ಕಾಣೆ ಬಿಗಿ.
ನೋವು ಹೋಗಿದೆ ಅನ್ನಲಾರೆ.
ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗಿದೆ.

ನಾಳೆ ಚರಕದ ಮಾಲೀಕರನ್ನು ಕೇಳಬೇಕು,
ನನ್ನ ಮಣೆಯ ಕೆಳಗೆ ಎರಡು ಇಟ್ಟಿಗೆ.
ಕೊಡದಿದ್ದರೆ
ನಾನೇ ಹೊತ್ತುಕೊಂಡು ಹೋಗುತ್ತೇನೆ,
ಒಂದೊಂದಾಗಿ, ಮೊಣಕಾಲು ಮಡಿಚಿ,
ಬೆನ್ನು ಬಗ್ಗಿಸದೆ.